ದಾದಿಗೆ ಸಂಬಳ: ಸೇವೆ ಅಂತ ಹೇಳಿ ಕೂಲಿ ಕಡಿಮೆ ಮಾಡಬಹುದಾ?

ವಾಕ್ಯಭಾಗ: ವಿಮೋಚನಕಾಂಡ 2:1-10, ಲೂಕ 10:30-35, ಯಾಕೋಬ 5:4

  

ಈ ವಾರ ಮೇ 12 ಬರ್ತದೆ. 1820ರಲ್ಲಿ ಅದೇ ದಿನ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದರಿಂದ ಅದನ್ನು ಲೋಕದಲ್ಲೆಲ್ಲಾ ದಾದಿಯರ ದಿನ ಅಂತ ಆಚರಿಸ್ತಾರೆ. ನಮ್ಮ ಸಭೆಯಲ್ಲಿ ನರ್ಸ್ ಕೆಲಸ ಮಾಡುವ ಸಹೋದರಿಯರು ಏಳು ಮಂದಿ ಇದ್ದಾರೆ. ಇವತ್ತು ಇಬ್ಬರು ಡ್ಯೂಟಿಯಲ್ಲಿದ್ದಾರೆ. ಒಬ್ಬರು ರಾತ್ರಿ ಡ್ಯೂಟಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಆರಾಧನೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರಿಗೆ ನಿದ್ದೆ ಬಂದರೆ ಬರಲಿ, ಯಾರೂ ಎಬ್ಬಿಸಬೇಡಿ.

ಪ್ರತಿ ವರ್ಷ ಈ ದಿನ ನಾವು ಅವರನ್ನು ಮುಂದೆ ಕರೆದು, ಒಂದೊಂದು ಗುಲಾಬಿ ಕೊಟ್ಟು, ಪ್ರಾರ್ಥನೆ ಮಾಡ್ತೇವೆ. ಈ ವರ್ಷವೂ ಮಾಡೋಣ. ಆದರೆ ಅದಕ್ಕೆ ಮುಂಚೆ ಒಂದು ಪ್ರಶ್ನೆಯನ್ನು ದೇವರ ವಾಕ್ಯದ ಮುಂದೆ ಇಡಬೇಕು ಅಂತ ನನ್ನ ಹೃದಯದಲ್ಲಿ ಭಾರ ಇದೆ. ಇವರು ಮಾಡುವ ಕೆಲಸಕ್ಕೆ ಇವರಿಗೆ ಸಿಗುವ ಸಂಬಳ ನ್ಯಾಯವಾದದ್ದಾ?

ಮೊದಲು ನನ್ನ ತಪ್ಪನ್ನೇ ಹೇಳಿಕೊಳ್ತೇನೆ.

ಸುಮಾರು ಎರಡು ವರ್ಷದ ಹಿಂದೆ ನಮ್ಮ ಸಭೆಯ ಒಬ್ಬ ಸಹೋದರಿ ಪ್ರಾರ್ಥನೆಗೆ ಅಂತ ಮನೆಗೆ ಬಂದರು. ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿದವರು. ಒಂದು ಚಿಕ್ಕ ನರ್ಸಿಂಗ್ ಹೋಮ್‌ನಲ್ಲಿ ಕೆಲಸ. ತಿಂಗಳಿಗೆ 26 ಡ್ಯೂಟಿ, ಒಂದೊಂದು ಡ್ಯೂಟಿ 12 ಗಂಟೆ. ಸಂಬಳ 11,000 ರೂಪಾಯಿ. "ಪಾಸ್ಟರ್, ಸಂಬಳ ಜಾಸ್ತಿ ಕೇಳಬೇಕು ಅಂತಿದ್ದೇನೆ, ಪ್ರಾರ್ಥನೆ ಮಾಡಿ" ಅಂದರು. ನಾನು ಏನು ಹೇಳಿದೆ ಗೊತ್ತಾ? "ಸಿಸ್ಟರ್, ನಿಮ್ಮದು ಸೇವೆ. ಪ್ರತಿಫಲ ಪರಲೋಕದಲ್ಲಿದೆ. ಈಗ ಕೇಳಿ ಇದ್ದ ಕೆಲಸವನ್ನೂ ಕಳೆದುಕೊಳ್ಳಬೇಡಿ" ಅಂದೆ. ಆಮೇಲೆ ಪ್ರಾರ್ಥನೆ ಮಾಡಿ, ಕಾಫಿ ಕೊಟ್ಟು ಕಳಿಸಿದೆ. ಒಳ್ಳೇ ಸಲಹೆ ಕೊಟ್ಟೆ ಅಂತಲೇ ಅಂದುಕೊಂಡಿದ್ದೆ.

ಮುಂದಿನ ಭಾನುವಾರ ಕಾಣಿಕೆ ಎಣಿಸುವಾಗ ಒಂದು ದಶಾಂಶದ ಕವರ್ ಸಿಕ್ಕಿತು. ಮೇಲೆ ಅವರ ಕೈಬರಹ. ಒಳಗೆ 1,100 ರೂಪಾಯಿ. ಅಲ್ಲೇ ಕೂತು ಲೆಕ್ಕ ಹಾಕಿದೆ. ಓದಿನ ಸಾಲದ ಕಂತು 4,000. ರೂಮು, ಊಟ 5,000. ಉಳಿದದ್ದು 2,000. ಅದರಲ್ಲಿ ದಶಾಂಶ ಕೊಟ್ಟ ಮೇಲೆ ತಿಂಗಳಿಗೆಲ್ಲಾ ಸೇರಿ ಕೈಯಲ್ಲಿ ಉಳಿಯೋದು 900 ರೂಪಾಯಿ. ಇನ್ನೊಂದು ಲೆಕ್ಕವನ್ನೂ ಮಾಡಿದೆ. 26 ಡ್ಯೂಟಿ, 12 ಗಂಟೆ, ಅಂದರೆ 312 ಗಂಟೆ. ಗಂಟೆಗೆ ಸುಮಾರು 35 ರೂಪಾಯಿ. ನಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಆ ದುಡ್ಡಿಗೆ ಒಂದು ಎಳನೀರು ಬರಲ್ಲ.

ಅವರ ದಶಾಂಶವನ್ನು ನಾನು ತೆಗೆದುಕೊಂಡೆ, ಅವರ ನ್ಯಾಯದ ಮಾತನ್ನು ಮಾತ್ರ ಪರಲೋಕಕ್ಕೆ ಮುಂದೂಡಿದೆ. ಆ ದಿನದಿಂದ ಈ ವಿಷಯ ನನ್ನನ್ನು ಬಿಡಲಿಲ್ಲ. ಇದನ್ನು ಅವರ ಅನುಮತಿ ಕೇಳಿಯೇ ಹೇಳ್ತಾ ಇದ್ದೇನೆ. ಬನ್ನಿ, ವಾಕ್ಯ ಏನು ಹೇಳ್ತದೆ ನೋಡೋಣ.

1. ಪ್ರೀತಿಯಿಂದ ಮಾಡುವ ಕೆಲಸಕ್ಕೂ ಸಂಬಳ ಇದೆ

ವಿಮೋಚನಕಾಂಡ ಎರಡನೇ ಅಧ್ಯಾಯ ನಮಗೆಲ್ಲಾ ಭಾನುವಾರ ಶಾಲೆಯಿಂದಲೇ ಗೊತ್ತು. ಲೇವಿ ವಂಶದ ತಾಯಿ ತನ್ನ ಮಗುವನ್ನು ಮೂರು ತಿಂಗಳು ಬಚ್ಚಿಟ್ಟಳು. ಇನ್ನು ಆಗಲ್ಲ ಅನ್ನುವಾಗ ಬುಟ್ಟಿಯಲ್ಲಿಟ್ಟು ನದಿಯ ಅಂಚಿನ ಜಂಬುಹುಲ್ಲಿನಲ್ಲಿ ಬಿಟ್ಟಳು. ಫರೋಹನ ಮಗಳು ನೋಡಿದಳು. ದೂರದಲ್ಲಿ ಕಾದಿದ್ದ ಅಕ್ಕ ಓಡಿ ಬಂದು, ಮಗುವಿಗೆ ಹಾಲುಣಿಸಲು ಒಬ್ಬ ದಾದಿಯನ್ನು ಕರೆದುಕೊಂಡು ಬರಲಾ ಅಂತ ಕೇಳಿದಳು. ಕರೆತಂದದ್ದು ಹೆತ್ತ ತಾಯಿಯನ್ನೇ.

ಇಲ್ಲಿ ಸ್ವಲ್ಪ ನಿಲ್ಲಿ. ಒಂಬತ್ತನೇ ವಚನದಲ್ಲಿ ಫರೋಹನ ಮಗಳು ಆ ತಾಯಿಗೆ ಎರಡು ಮಾತು ಹೇಳ್ತಾಳೆ. ಒಂದು, ಈ ಮಗುವನ್ನು ನನಗಾಗಿ ಸಾಕು. ಎರಡು, ಅದಕ್ಕೆ ನಾನು ಸಂಬಳ ಕೊಡ್ತೇನೆ.

ಈ ಎರಡನೇ ಮಾತನ್ನು ನಾವು ಎಷ್ಟು ಸಲ ಓದಿದ್ದೇವೆ, ಆದರೆ ಗಮನಿಸಿದ್ದೇವಾ? ಆ ತಾಯಿ ಸಂಬಳ ಇಲ್ಲದೆಯೂ ಮಾಡ್ತಿದ್ದಳು. ಕೈಯಿಂದ ದುಡ್ಡು ಕೊಟ್ಟಾದರೂ ಮಾಡ್ತಿದ್ದಳು, ತನ್ನ ಸ್ವಂತ ಮಗು ಅಲ್ವಾ? ಅವಳಿಗಿಂತ ಹೆಚ್ಚು ಪ್ರೀತಿಯಿಂದ ಆ ಕೆಲಸ ಮಾಡುವವರು ಐಗುಪ್ತದಲ್ಲೇ ಇರಲಿಲ್ಲ. ಆದರೂ ಅವಳಿಗೆ ಸಂಬಳದ ಮಾತು ಬಂತು, ದೇವರಾತ್ಮನು ಅದನ್ನು ಗ್ರಂಥದಲ್ಲಿ ಬರೆಸಿಟ್ಟನು. ಸಂಬಳದ ಮಾತು ಬಂದದ್ದಕ್ಕೆ ತಾಯಿಯ ಪ್ರೀತಿಗೆ ಕುಂದು ಬಂದಿತು ಅಂತ ಬೈಬಲ್ ಎಲ್ಲೂ ಹೇಳಲ್ಲ.

ನಮ್ಮ ಕನ್ನಡದಲ್ಲಿ ದಾದಿ ಅನ್ನುವ ಮಾತು ನೋಡಿ. ಹಾಲುಣಿಸಿ ಸಾಕುವವಳೂ ದಾದಿ, ಆಸ್ಪತ್ರೆಯಲ್ಲಿ ಆರೈಕೆ ಮಾಡುವವಳೂ ದಾದಿ. ಇಸ್ರಾಯೇಲರ ದೇವರನ್ನು ಅರಿಯದ ಅರಮನೆಯ ಹೆಣ್ಣುಮಗಳಿಗೆ ಗೊತ್ತಿತ್ತು, ದಾದಿಗೆ ಕೆಲಸ ಹೇಳಿದರೆ ಅದೇ ಉಸಿರಿನಲ್ಲಿ ಸಂಬಳವನ್ನೂ ಹೇಳಬೇಕು ಅಂತ. ನಾವು ಕೆಲಸ ಹೇಳ್ತೇವೆ, ಸಂಬಳದ ಹತ್ತಿರ ಬಂದಾಗ "ಸೇವೆ" ಅಂತೇವೆ.

2. ಗಾಯಗೊಂಡವನ ಆರೈಕೆಗೆ ಒಂದು ಬೆಲೆ ಇದೆ, ಅದನ್ನು ಯಾರಾದರೂ ಕೊಡಬೇಕು

ಲೂಕ ಹತ್ತರಲ್ಲಿ ಒಳ್ಳೇ ಸಮಾರ್ಯದವನ ಸಾಮ್ಯ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ. ಸಾಮಾನ್ಯವಾಗಿ ನಮ್ಮ ಪ್ರಸಂಗ ಇಲ್ಲಿಗೆ ಮುಗಿದುಬಿಡ್ತದೆ. ಆದರೆ ಮಾರನೇ ದಿನ ಏನಾಯಿತು? ಅವನು ಎರಡು ದಿನಾರಿ ನಾಣ್ಯ ತೆಗೆದು ಛತ್ರದವನಿಗೆ ಕೊಟ್ಟ. ಮತ್ತಾಯ ಇಪ್ಪತ್ತರಲ್ಲಿ ದ್ರಾಕ್ಷೇತೋಟದ ಆಳಿಗೆ ಒಪ್ಪಿದ ದಿನಗೂಲಿ ಒಂದು ದಿನಾರಿ. ಅಂದರೆ ಎರಡು ದಿನದ ಪೂರ್ತಿ ಕೂಲಿ. ಅಷ್ಟೇ ಅಲ್ಲ, ಇದಕ್ಕಿಂತ ಹೆಚ್ಚು ಖರ್ಚಾದರೆ ವಾಪಸ್ ಬರುವಾಗ ಕೊಡ್ತೇನೆ ಅಂದ.

"ನೀನೂ ದೇವರ ಕೆಲಸ ಮಾಡಪ್ಪ, ಬಡವ ಬಿದ್ದಿದ್ದಾನೆ, ಉಚಿತವಾಗಿ ನೋಡಿಕೋ" ಅಂತ ಅವನು ಛತ್ರದವನಿಗೆ ಹೇಳಲಿಲ್ಲ. ತನ್ನ ಕರುಣೆಯ ಖರ್ಚನ್ನು ಇನ್ನೊಬ್ಬನ ತಲೆಗೆ ಕಟ್ಟಲಿಲ್ಲ. ಪ್ರಿಯರೇ, ನಮ್ಮ ನಾಡಿನಲ್ಲಿ ಅಗ್ಗದ ಆಸ್ಪತ್ರೆ ಬೇಕು ಅಂತ ನಾವೆಲ್ಲಾ ಕೇಳ್ತೇವೆ. ಕೇಳೋದು ತಪ್ಪಲ್ಲ. ಆದರೆ ಆ ಅಗ್ಗದ ಖರ್ಚನ್ನು ಎಷ್ಟೋ ಕಡೆ ಹೊರುತ್ತಿರುವುದು ವಾರ್ಡಿನಲ್ಲಿ ನಿಂತಿರುವ ಆ ಹುಡುಗಿ.

3. ಇವರು ಮಾಡುವ ಕೆಲಸ ಏನು ಅಂತ ನಮಗೆ ಗೊತ್ತಾ?

ನರ್ಸ್ ಅಂದರೆ ಸೂಜಿ ಚುಚ್ಚುವವರು, ಬಿ.ಪಿ. ನೋಡುವವರು ಅಂತ ಬಹಳ ಮಂದಿ ಅಂದುಕೊಂಡಿದ್ದಾರೆ. ನಮ್ಮ ಸಹೋದರಿಯರ ಹತ್ತಿರ ಕೂತು ಕೇಳಿದೆ. ಡಾಕ್ಟರು ಔಷಧಿ ಬರೀತಾರೆ. ಅದು ಸರಿಯಾದ ರೋಗಿಗಾ, ಸರಿಯಾದ ಔಷಧಿಯಾ, ಸರಿಯಾದ ಪ್ರಮಾಣವಾ, ಸರಿಯಾದ ಹೊತ್ತಾ, ಸರಿಯಾದ ದಾರಿಯಲ್ಲಿ ಒಳಗೆ ಹೋಗ್ತಾ ಇದೆಯಾ ಅಂತ ಕೊನೆಗೆ ನೋಡುವುದು ನರ್ಸ್. ಪೊಟ್ಯಾಸಿಯಂ ಕ್ಲೋರೈಡ್ ಅಂತ ಒಂದು ಔಷಧಿ ಇದೆ. ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿ ಕೊಟ್ಟರೆ ಪ್ರಾಣ ಉಳಿಸ್ತದೆ. ಅದನ್ನೇ ಸಿರಿಂಜಿನಲ್ಲಿ ನೇರವಾಗಿ ರಕ್ತನಾಳಕ್ಕೆ ಕೊಟ್ಟುಬಿಟ್ಟರೆ ಹೃದಯ ನಿಂತುಹೋಗಬಹುದು. ರಾತ್ರಿ ಮೂರು ಗಂಟೆಗೆ, ಹತ್ತು ಗಂಟೆ ನಿಂತ ಕಾಲಿನ ಮೇಲೆ, ಈ ಲೆಕ್ಕ ತಪ್ಪದ ಹಾಗೆ ನೋಡಿಕೊಳ್ಳುವವರು ಇವರು. ಜೊತೆಗೆ ಹಾಸಿಗೆ ಹಿಡಿದವರನ್ನು ಮಗ್ಗಲು ಬದಲಿಸಬೇಕು, ಮಲಮೂತ್ರ ತೆಗೆಯಬೇಕು, ಸತ್ತವರ ಕಣ್ಣು ಮುಚ್ಚಬೇಕು, ಸಿಟ್ಟಾದ ಸಂಬಂಧಿಕರ ಬೈಗುಳ ಕೇಳಬೇಕು.

ಹಾಗಾದರೆ ಇಷ್ಟು ಕಡಿಮೆ ಸಂಬಳ ಯಾಕೆ? ಇದಕ್ಕೆ ಒಂದು ಹಳೇ ಕಾರಣ ಇದೆ. ನಮ್ಮ ದೇಶದಲ್ಲಿ ಇನ್ನೊಬ್ಬರ ರಕ್ತ, ಮಲ, ಕೀವು ಮುಟ್ಟುವ ಕೆಲಸವನ್ನು ಮೈಲಿಗೆ ಅಂದರು. ಮೇಲ್ಜಾತಿಯ ಮನೆಗಳವರು ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಮಿಷನ್ ಆಸ್ಪತ್ರೆಗಳಲ್ಲಿ ಮೊದಲು ಈ ಕೆಲಸ ಕಲಿತವರಲ್ಲಿ ಬಹಳ ಮಂದಿ ಬಡ ಕ್ರೈಸ್ತ ಮನೆಗಳ ಹೆಣ್ಣುಮಕ್ಕಳು. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1909ರಲ್ಲಿ ನರ್ಸಿಂಗ್ ಶಾಲೆ ಶುರುಮಾಡಿದರು. 1946ರಲ್ಲಿ ಭೋರ್ ಸಮಿತಿ ಲೆಕ್ಕ ಕೊಟ್ಟಾಗ ನಮ್ಮ ದೇಶದಲ್ಲಿ 43,000 ಜನಕ್ಕೆ ಒಬ್ಬ ನರ್ಸ್ ಇದ್ದರು. ಅಷ್ಟು ಕಡಿಮೆ ಇದ್ದವರಿಗೆ ಬೆಲೆ ಹೆಚ್ಚಬೇಕಿತ್ತು ಅಲ್ವಾ? ಹೆಚ್ಚಲಿಲ್ಲ. ಹೆಂಗಸರ ಕೆಲಸ, ಬಡವರ ಕೆಲಸ, ಮೈಲಿಗೆಯ ಕೆಲಸ ಅನ್ನುವ ಹಳೇ ಗುರುತು ಅದಕ್ಕೆ ಅಂಟಿಕೊಂಡೇ ಉಳಿಯಿತು. ಕುಷ್ಠರೋಗಿಯನ್ನು ಮುಟ್ಟಿದ ಕರ್ತನನ್ನು ಆರಾಧಿಸುವ ನಾವು ಆ ಗುರುತನ್ನು ಒಪ್ಪಿಕೊಳ್ಳಬಾರದು.

4. ಲೋಕದ ನ್ಯಾಯಾಲಯ ಏನು ಹೇಳಿತು?

ಇದು ಪಾಸ್ಟರ್ ಒಬ್ಬನ ಭಾವನೆಯ ಮಾತು ಅಂತ ಯಾರೂ ಅಂದುಕೊಳ್ಳಬಾರದು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಪರಿಸ್ಥಿತಿ ನೋಡಲು ಸಮಿತಿ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತು. ಆ ಸಮಿತಿ ಅದೇ ವರ್ಷ ಶಿಫಾರಸು ಕೊಟ್ಟಿತು. 200ಕ್ಕಿಂತ ಹೆಚ್ಚು ಹಾಸಿಗೆ ಇರುವ ಖಾಸಗಿ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. 100ರಿಂದ 200 ಹಾಸಿಗೆ ಇದ್ದರೆ ಅದಕ್ಕಿಂತ ಶೇಕಡಾ 10ರಷ್ಟು ಮಾತ್ರ ಕಡಿಮೆ ಇರಬಹುದು. 50ರಿಂದ 100 ಹಾಸಿಗೆ ಇದ್ದರೆ ಶೇಕಡಾ 25ರಷ್ಟು. 50ಕ್ಕಿಂತ ಕಡಿಮೆ ಹಾಸಿಗೆಯ ಚಿಕ್ಕ ನರ್ಸಿಂಗ್ ಹೋಮ್ ಆದರೂ ತಿಂಗಳಿಗೆ 20,000ಕ್ಕಿಂತ ಕಡಿಮೆ ಕೊಡಬಾರದು. ರಜೆ, ಕೆಲಸದ ಗಂಟೆ, ಓಡಾಟ, ವಸತಿ ಇವೂ ಸರ್ಕಾರಿ ನರ್ಸ್‌ಗೆ ಇರುವ ಹಾಗೆ ಇರಬೇಕು.

ಕೇರಳದಲ್ಲಿ ನರ್ಸ್‌ಗಳು ಮುಷ್ಕರ ಮಾಡಿ, ಬೀದಿಗೆ ಬಂದು ಹೋರಾಡಿದ ಮೇಲೆ 2018ರಲ್ಲಿ ಅಲ್ಲಿನ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ 20,000 ಕನಿಷ್ಠ ಸಂಬಳ ಅಂತ ಅಧಿಸೂಚನೆ ಹೊರಡಿಸಿತು. ಆದರೆ ಬಹಳ ಕಡೆ ಆ ಶಿಫಾರಸು ಕಾಗದದಲ್ಲೇ ಉಳಿದಿದೆ. ಏಳನೇ ವೇತನ ಆಯೋಗದ ಪ್ರಕಾರ ಕೇಂದ್ರ ಸರ್ಕಾರಿ ಆಸ್ಪತ್ರೆಯ ನರ್ಸ್‌ಗೆ ಮೂಲ ವೇತನವೇ 44,900 ರೂಪಾಯಿಯಿಂದ ಶುರು. ನಮ್ಮ ಸಹೋದರಿಗೆ 11,000. ಓದು ಒಂದೇ, ರಾತ್ರಿ ಒಂದೇ, ರೋಗಿಯ ಪ್ರಾಣ ಒಂದೇ. ಸರ್ಕಾರಿ ಆಸ್ಪತ್ರೆಯಲ್ಲೂ ಗುತ್ತಿಗೆ ಮೇಲೆ ಇರುವವರಿಗೆ ಪಕ್ಕದಲ್ಲೇ ನಿಂತ ಕಾಯಂ ನರ್ಸ್‌ಗಿಂತ ಎಷ್ಟೋ ಕಡಿಮೆ ಸಂಬಳ.

2020ರ ಮಾರ್ಚ್ 22 ಸಂಜೆ ಐದು ಗಂಟೆಗೆ ನಾವೆಲ್ಲಾ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆವು, ತಟ್ಟೆ ಬಾರಿಸಿದೆವು. ನಾನೂ ಬಾರಿಸಿದೆ. ಆ ಗೌರವ ಸುಳ್ಳಲ್ಲ. ಆದರೆ ಚಪ್ಪಾಳೆ ತೋರಿಸಿದರೆ ಬ್ಯಾಂಕಿನವರು ಸಾಲದ ಕಂತು ಬಿಡಲ್ಲ.

5. ನಾವು ಅರ್ಧ ಓದುವ ವಚನಗಳು

ಈಗ ಕೆಲವರ ಮನಸ್ಸಿನಲ್ಲಿ ಪ್ರಶ್ನೆ ಬಂದಿರ್ತದೆ. "ಪಾಸ್ಟರ್, ಸ್ನಾನಿಕನಾದ ಯೋಹಾನನು ಬರುವ ಸಂಬಳದಲ್ಲಿ ತೃಪ್ತರಾಗಿರಿ ಅನ್ನುವ ಅರ್ಥದಲ್ಲಿ ಹೇಳಿಲ್ವಾ?" ಹೇಳಿದ್ದಾನೆ, ಲೂಕ 3:14. ಯಾರಿಗೆ ಹೇಳಿದ? ಸಿಪಾಯಿಗಳಿಗೆ. ಕೈಯಲ್ಲಿ ಆಯುಧ ಇಟ್ಟುಕೊಂಡು ಬಡವರನ್ನು ಹೆದರಿಸಿ ದುಡ್ಡು ಕೀಳುತ್ತಿದ್ದವರಿಗೆ. ಕಿತ್ತುಕೊಳ್ಳುವವರಿಗೆ ಹೇಳಿದ ಮಾತನ್ನು ಕಳೆದುಕೊಂಡವರ ಬಾಯಿ ಮುಚ್ಚಿಸಲು ಬಳಸಬಾರದು.

ಇನ್ನೊಂದು, ಕೊಲೊಸ್ಸೆ 3:23. ಏನು ಮಾಡಿದರೂ ಕರ್ತನಿಗೆ ಅಂತ ಮನಃಪೂರ್ವಕವಾಗಿ ಮಾಡಬೇಕು ಅನ್ನುವ ಬೋಧನೆ. ಇದನ್ನು ಕೆಲಸಗಾರರಿಗೆ ನಾನೇ ಹತ್ತಾರು ಸಲ ಹೇಳಿದ್ದೇನೆ. ಆದರೆ ಅಲ್ಲಿಂದ ಮೂರನೇ ವಚನಕ್ಕೆ, ನಾಲ್ಕನೇ ಅಧ್ಯಾಯದ ಮೊದಲನೇ ವಚನಕ್ಕೆ ಬನ್ನಿ. ಅಲ್ಲಿ ಪೌಲನು ಯಜಮಾನರ ಕಡೆ ತಿರುಗಿ, ನಿಮ್ಮ ಕೈಕೆಳಗಿನವರಿಗೆ ನ್ಯಾಯವಾಗಿ ಸಲ್ಲಬೇಕಾದದ್ದನ್ನು ಕೊಡಿ, ನಿಮಗೂ ಪರಲೋಕದಲ್ಲಿ ಒಬ್ಬ ಯಜಮಾನನಿದ್ದಾನೆ ಅಂತ ನೆನಪಿಸ್ತಾನೆ. ಅಧ್ಯಾಯದ ಅಂಕಿ ನಡುವೆ ಬಂತು ಅಂತ ನಾವು ಅಲ್ಲೇ ನಿಲ್ಲಿಸಿಬಿಡ್ತೇವೆ.

ಯಾಕೋಬ 5:4 ಇನ್ನೂ ಗಟ್ಟಿಯಾಗಿದೆ. ಹಿಡಿದಿಟ್ಟುಕೊಂಡ ಕೂಲಿ ತಾನೇ ಕೂಗ್ತದೆ, ಆ ಕೂಗು ಸೈನ್ಯಗಳ ಕರ್ತನ ಕಿವಿಗೆ ಮುಟ್ಟಿದೆ ಅಂತಾನೆ ಯಾಕೋಬ. ನಾವು ಉಪವಾಸ ಮಾಡಿ, ಕೈ ಎತ್ತಿ, ಕರ್ತನೇ ನಮ್ಮ ಪ್ರಾರ್ಥನೆ ಕೇಳು ಅಂತೇವೆ. ಅದೇ ಕಿವಿಗೆ ಇನ್ನೊಂದು ಕೂಗೂ ಹೋಗ್ತಾ ಇದೆ. ಇದನ್ನು ಭಯಭಕ್ತಿಯಿಂದ ಯೋಚನೆ ಮಾಡಬೇಕು.

6. ಆಸ್ಪತ್ರೆ ನಡೆಸುವವರ ಕಷ್ಟ

ನ್ಯಾಯವಾಗಿ ಮಾತಾಡಬೇಕಾದರೆ ಎರಡೂ ಕಡೆ ಕೇಳಬೇಕು. ಚಿಕ್ಕ ನರ್ಸಿಂಗ್ ಹೋಮ್ ನಡೆಸುವ ಒಬ್ಬ ವಿಶ್ವಾಸಿ ಸಹೋದರರ ಹತ್ತಿರ ಇದನ್ನೆಲ್ಲಾ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. ಕಟ್ಟಡದ ಬಾಡಿಗೆ, ಯಂತ್ರದ ಸಾಲ, ಆಕ್ಸಿಜನ್, ಕರೆಂಟು, ಸರ್ಕಾರಿ ಯೋಜನೆಯಲ್ಲಿ ಬರಬೇಕಾದ ಹಣ ತಿಂಗಳುಗಟ್ಟಲೆ ತಡ. "ಎಲ್ಲರಿಗೂ ಒಂದೇ ಸಲ 20,000 ಮಾಡಿದರೆ ಬಾಗಿಲು ಹಾಕಬೇಕು ಪಾಸ್ಟರ್" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಾಟಕ ಅಲ್ಲ.

ನಾನು ಅವರಿಗೆ ಒಂದೇ ಪ್ರಶ್ನೆ ಕೇಳಿದೆ. "ಅಣ್ಣ, ಯಂತ್ರದ ಕಂಪನಿಯವರಿಗೆ ಕಂತು ಕಡಿಮೆ ಮಾಡಿ ಅಂತ ಹೇಳ್ತೀರಾ?" "ಇಲ್ಲ, ಯಂತ್ರ ತಗೊಂಡು ಹೋಗ್ತಾರೆ." "ಕರೆಂಟಿನವರಿಗೆ?" "ಇಲ್ಲ, ಫ್ಯೂಸ್ ಕೀಳ್ತಾರೆ." ಹಾಗಾದರೆ ಕಡಿಮೆ ಮಾಡೋದು ಯಾರದ್ದು? ಕೇಳದೆ ಇರುವವರದ್ದು. ಯೆರೆಮೀಯ 22:13ರಲ್ಲಿ ನೆರೆಯವನಿಂದ ಬಿಟ್ಟಿ ಕೆಲಸ ಮಾಡಿಸಿಕೊಂಡು ಮಾಳಿಗೆ ಕಟ್ಟುವ ಅರಸನಿಗೆ ಅಯ್ಯೋ ಅನ್ನುವ ಎಚ್ಚರಿಕೆ ಇದೆ. ಈ ಸಹೋದರರು ಆ ಅರಸನಲ್ಲ, ಮಾಳಿಗೆ ಕಟ್ಟಿಲ್ಲ. ಆದರೂ ಆ ಮಾತು ಅವರ ಮನಸ್ಸಿಗೆ ಮುಟ್ಟಿತು. ಆ ವರ್ಷ ಹೊಸ ರಿಸೆಪ್ಷನ್ ಕಟ್ಟಿಸಬೇಕು ಅಂತಿದ್ದ ಹಣವನ್ನು ತಡೆದು, ಆರು ಸಿಸ್ಟರ್‌ಗಳಿಗೂ ತಿಂಗಳಿಗೆ 3,000 ಏರಿಸಿದರು. ಇನ್ನೂ 20,000 ಆಗಿಲ್ಲ. ಆದರೆ ಪ್ರತಿ ವರ್ಷ ಏರಿಸ್ತೇನೆ ಅಂತ ಬರೆದು ಕೊಟ್ಟಿದ್ದಾರೆ. ದೇವರಿಗೆ ಸ್ತೋತ್ರ.

7. ನಮ್ಮ ಮನೆ, ನಮ್ಮ ಸಭೆ

ಆಸ್ಪತ್ರೆಯವರ ಕಡೆ ಬೆರಳು ತೋರಿಸಿ ನಾವು ತಪ್ಪಿಸಿಕೊಳ್ಳೋದು ಬೇಡ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಹೋಮ್ ನರ್ಸ್ ಇಡ್ತೇವೆ. ಏಜೆನ್ಸಿಯವರಿಗೆ ಎಷ್ಟು ಹೋಗ್ತದೆ, ಆ ಹುಡುಗಿಯ ಕೈಗೆ ಎಷ್ಟು ಸಿಗ್ತದೆ ಅಂತ ಯಾವತ್ತಾದರೂ ಕೇಳಿದ್ದೇವಾ? ವಾರಕ್ಕೆ ಒಂದು ದಿನ ರಜೆ ಕೊಡ್ತೇವಾ? ಧರ್ಮೋಪದೇಶಕಾಂಡ 24:15ರ ಪ್ರಕಾರ ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕು. ನಾವು "ಮುಂದಿನ ವಾರ ನೋಡೋಣ" ಅಂತೇವೆ.

ಸಭೆಯಲ್ಲಿ ಉಚಿತ ವೈದ್ಯಕೀಯ ಶಿಬಿರ ಮಾಡ್ತೇವೆ. ಶಾಮಿಯಾನದವನಿಗೆ ದುಡ್ಡು, ಮೈಕಿನವನಿಗೆ ದುಡ್ಡು, ಅಡುಗೆಯವರಿಗೆ ದುಡ್ಡು. ರಾತ್ರಿ ಡ್ಯೂಟಿ ಮುಗಿಸಿ ಬಂದ ನಮ್ಮ ಸಿಸ್ಟರ್‌ಗೆ ಮಾತ್ರ "ನೀವು ನಮ್ಮವರೇ ಅಲ್ವಾ" ಅಂತೇವೆ. ಅವರು ಸಂತೋಷದಿಂದ ಉಚಿತವಾಗಿ ಕೊಟ್ಟರೆ ಅದು ಕಾಣಿಕೆ. ಕೇಳದೆ ತೆಗೆದುಕೊಂಡರೆ ಅದು ಕಾಣಿಕೆ ಆಗಲ್ಲ. ಹಿರಿಯರ ಜೊತೆ ಮಾತಾಡಿದ್ದೇನೆ. ಇನ್ನು ಮುಂದೆ ನಮ್ಮ ಶಿಬಿರದಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ ಒಂದು ದಿನದ ಸಂಬಳ ಸಭೆಯಿಂದ ಕೊಡ್ತೇವೆ. ಬೇಡ ಅನ್ನುವವರು ತಾವಾಗಿ ಹೇಳಲಿ.

ನಾವು ಆಸ್ಪತ್ರೆಯಲ್ಲೂ "ಸಿಸ್ಟರ್" ಅಂತೇವೆ, ಸಭೆಯಲ್ಲೂ "ಸಿಸ್ಟರ್" ಅಂತೇವೆ. ಒಡಹುಟ್ಟಿದ ತಂಗಿಗೆ ಗಂಟೆಗೆ 35 ರೂಪಾಯಿ ಕೊಟ್ಟು ರಾತ್ರಿಯೆಲ್ಲಾ ನಿಲ್ಲಿಸ್ತಾರೆ ಅಂದರೆ ನಾವು ಸುಮ್ಮನೆ ಇರ್ತೇವಾ?

ಕೊನೆಗೆ ನಮ್ಮ ನರ್ಸ್ ಸಹೋದರಿಯರಿಗೆ, ಸಹೋದರರಿಗೆ. ನ್ಯಾಯವಾದ ಸಂಬಳ ಕೇಳೋದು ಅವಿಶ್ವಾಸ ಅಲ್ಲ. ಲಾಬಾನನು ಹತ್ತು ಸಲ ಸಂಬಳ ಬದಲಾಯಿಸಿದ್ದನ್ನು ಯಾಕೋಬನು ಬಾಯಿಬಿಟ್ಟು ಹೇಳಿದ (ಆದಿಕಾಂಡ 31:7), ದೇವರು ಅವನನ್ನು ಗದರಿಸಲಿಲ್ಲ. ನೇಮಕದ ಪತ್ರವನ್ನು ಬರಹದಲ್ಲಿ ಕೇಳಿ. ಮೂಲ ಸರ್ಟಿಫಿಕೇಟ್‌ಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ. ಒಬ್ಬರೇ ಹೋಗದೆ ಜೊತೆಯವರನ್ನು ಸೇರಿಸಿಕೊಂಡು ಗೌರವದಿಂದ ಮಾತಾಡಿ. ಕೇಳುವ ಹೊತ್ತಲ್ಲೂ ರೋಗಿಯನ್ನು ಕೈಬಿಡಬೇಡಿ. ವೀಸಾ ಬಂದು ಹೊರದೇಶಕ್ಕೆ ಹೋಗುವವರಿಗೆ ನಾವು ಸಂತೋಷದಿಂದ ಸಾಕ್ಷಿ ಹೇಳಿಸ್ತೇವೆ. ಇಲ್ಲೇ ಉಳಿದು ನಮ್ಮ ತಾಯಂದಿರನ್ನು ನೋಡಿಕೊಳ್ಳುವವರೂ ಸಾಕ್ಷಿ ಹೇಳುವ ಹಾಗೆ ಆಗಬೇಕು ಅನ್ನುವುದು ನನ್ನ ಪ್ರಾರ್ಥನೆ.

ಆ ಸಹೋದರಿಗೆ ನಾನು ಹೋಗಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಪಾಸ್ಟರ್, ಆದರೆ ಆ ದಿನ ಮನೆಗೆ ಹೋಗಿ ಅತ್ತೆ" ಅಂದರು. ಆಮೇಲೆ ನನ್ನ ಹೆಂಡತಿ ಅವರ ಜೊತೆ ಕೂತು ಒಂದು ಅರ್ಜಿ ಬರೆದರು, ಇನ್ನಿಬ್ಬರು ನರ್ಸ್‌ಗಳೂ ಸಹಿ ಹಾಕಿದರು. ಈಗ 14,500 ಬರ್ತಾ ಇದೆ. ಸಾಲದು. ಇನ್ನೂ ಕೇಳ್ತಾ ಇದ್ದಾರೆ, ನಾವೂ ಪ್ರಾರ್ಥನೆ ಮಾಡ್ತಾ ಜೊತೆಗೆ ಇದ್ದೇವೆ.

ಎಲ್ಲರೂ ಎದ್ದು ನಿಲ್ಲೋಣ. ಹಿಂದಿನ ಸಾಲಿನವರು ಮಲಗಿದ್ದರೆ ಮಲಗಲಿ.

ಪ್ರಾರ್ಥನೆ: ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಮ್ಮ ನೋವಿನ ಹಾಸಿಗೆಯ ಪಕ್ಕ ನಿಂತವರನ್ನು ನಾವು ಮರೆತದ್ದನ್ನು ಕ್ಷಮಿಸು. ಕೊಡಬೇಕಾದದ್ದನ್ನು ಕೊಡದೆ ಸೇವೆ ಅನ್ನುವ ಮಾತಿನ ಹಿಂದೆ ಅಡಗಿಕೊಂಡದ್ದನ್ನು ಕ್ಷಮಿಸು. ಆಸ್ಪತ್ರೆ ನಡೆಸುವವರಿಗೆ ನ್ಯಾಯದ ಮನಸ್ಸನ್ನೂ ಅದಕ್ಕೆ ಬೇಕಾದ ಅನುಕೂಲವನ್ನೂ ಕೊಡು. ಆಳುವವರ ಕಿವಿ ತೆರೆ. ಇವತ್ತು ರಾತ್ರಿ ಡ್ಯೂಟಿಗೆ ಹೋಗುವ ಪ್ರತಿಯೊಬ್ಬ ಸಹೋದರಿಯನ್ನು ದಾರಿಯಲ್ಲೂ ವಾರ್ಡಿನಲ್ಲೂ ಕಾಪಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಮನೆಕೂಟಗಳಲ್ಲಿ ಮಾತಾಡಲು:

1. ಮೋಶೆಯ ತಾಯಿಗೆ ಸಂಬಳದ ಮಾತು ಬಂದದ್ದನ್ನು ಬೈಬಲ್ ಯಾಕೆ ಹೇಳುತ್ತದೆ? ಇದರಿಂದ ನಾವು ಏನು ಕಲಿಯಬಹುದು?

2. ನಮ್ಮ ಮನೆಯಲ್ಲಿ ಯಾರ ಕೆಲಸವನ್ನು ನಾವು "ಸೇವೆ" ಅಂತ ಹೇಳಿ ಕಡಿಮೆ ಕೂಲಿಗೆ ಮಾಡಿಸಿಕೊಳ್ಳುತ್ತಿದ್ದೇವೆ?

3. ಈ ವಾರ ಒಬ್ಬ ನರ್ಸ್ ಹತ್ತಿರ ಅವರ ಕೆಲಸದ ಗಂಟೆ, ಸಂಬಳ, ರಜೆಯ ಬಗ್ಗೆ ಕೇಳಿ. ಸಲಹೆ ಕೊಡಲು ಹೋಗಬೇಡಿ, ಮೊದಲು ಪೂರ್ತಿ ಕೇಳಿಸಿಕೊಳ್ಳಿ.